ತೋರ್ಖಮ್ ಗೇಟಿಗೆ ಒಂದು ಲಿಖಿತ ಕ್ರಮ ಬೇಕು: ಇಸ್ಲಾಮಾಬಾದ್ ಮತ್ತು ಕಾಬೂಲಿಗೆ ಬಹಿರಂಗ ಪತ್ರ

ಪಾಕಿಸ್ತಾನದ ವಾಣಿಜ್ಯ ಸಚಿವಾಲಯಕ್ಕೆ,
ಅಫ್ಘಾನಿಸ್ತಾನದ ಕೈಗಾರಿಕೆ ಮತ್ತು ವಾಣಿಜ್ಯ ಸಚಿವಾಲಯಕ್ಕೆ,

ಮಾನ್ಯರೇ,

ಈ ಪತ್ರ ನಿಮ್ಮಿಬ್ಬರ ಗಡಿಯಲ್ಲಿ ಲಾರಿಗಳು ದಾಟುವ ತೋರ್ಖಮ್ ಮತ್ತು ಚಮನ್ ಗೇಟುಗಳ ಬಗ್ಗೆ. ನಿಮ್ಮಿಬ್ಬರ ನಡುವಿನ ಜಗಳ ಬಗೆಹರಿಸುವ ಉದ್ದೇಶದಿಂದ ಬರೆದದ್ದಲ್ಲ. ಬ್ರಿಟಿಷರ ಕಾಲದ ಗಡಿಯಾದ ಡ್ಯೂರಂಡ್ ಗೆರೆ ಒಪ್ಪಬೇಕೋ ಬೇಡವೋ, ಟಿಟಿಪಿಯವರಿಗೆ (ಪಾಕಿಸ್ತಾನಿ ತಾಲಿಬಾನ್ ಉಗ್ರರಿಗೆ) ಯಾರು ನೆರಳು ಕೊಡುತ್ತಿದ್ದಾರೆ, ಬೇಲಿಯ ಪಕ್ಕ ಯಾರು ಚೌಕಿ ಕಟ್ಟಬಹುದು ಎಂಬುದನ್ನು ತೀರ್ಮಾನಿಸುವ ಅಧಿಕಾರ ವಾಣಿಜ್ಯ ಸಚಿವಾಲಯಗಳಿಗೇ ಇಲ್ಲ, ನಮಗಂತೂ ಇಲ್ಲ. ನಾವು ಕೇಳುತ್ತಿರುವುದು ಒಂದೇ. ಗೇಟು ಮುಚ್ಚುವಾಗ ಮತ್ತು ತೆರೆಯುವಾಗ ಯಾವ ಲಾರಿ ಎಲ್ಲಿ ನಿಲ್ಲಬೇಕು, ಯಾವ ಸರಕು ಮೊದಲು ದಾಟಬೇಕು, ಕಾದ ದಿನಗಳ ಖರ್ಚು ಯಾರ ತಲೆಯ ಮೇಲೆ ಎಂದು ಎರಡೂ ಕಡೆಯವರು ಸಹಿ ಹಾಕಿದ ಒಂದು ಲಿಖಿತ ಕ್ರಮ ಬೇಕು. ಅಂಥದ್ದು ಇಲ್ಲದ ಕಾರಣಕ್ಕೆ ಪ್ರತಿ ಸಲ ಗೇಟು ಬಿದ್ದಾಗಲೂ ಮೊದಲ ದಿನದಿಂದ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಗುತ್ತಿದೆ. ಕಲಿಯುವಷ್ಟರಲ್ಲಿ ಹಣ್ಣು ಕೊಳೆತಿರುತ್ತದೆ.

ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇವೆ ಎಂದು ಕೇಳಬಹುದು. ನಮ್ಮ ಅಡುಗೆಮನೆಯ ಸಾರಿನ ಒಗ್ಗರಣೆಗೆ ಬೀಳುವ ಇಂಗಿನ ಹಸಿ ಅಂಟು ಬಹುಪಾಲು ಬರುವುದು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ. ಭಾರತದಲ್ಲಿ ಇಂಗಿನ ಗಿಡ ನೆಡುವ ಪ್ರಯತ್ನ ಶುರುವಾದದ್ದೇ 2020ರಲ್ಲಿ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಆ ಅಂಟಿಗೆ ಇಲ್ಲಿ ಮೈದಾ, ಗೋಂದು ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಒಣ ಅಂಜೂರ, ಜರ್ದಾಳು, ಒಣದ್ರಾಕ್ಷಿಯ ಕತೆಯೂ ಹೀಗೆಯೇ. ಖೈಬರ್ ಕಣಿವೆಯ ಒಂದು ಗೇಟಿಗೂ ನಮ್ಮ ಊರಿನ ದಿನಸಿ ಅಂಗಡಿಗೂ ನಡುವೆ ಇರುವುದು ಒಂದೇ ದಾರಿಯ ದೂರ. ಇನ್ನು ದ್ರಾಕ್ಷಿ, ದಾಳಿಂಬೆ, ಟೊಮೇಟೊ ಕೊಯ್ದ ಮೇಲೆ ಎಷ್ಟು ಗಂಟೆ ಉಳಿಯುತ್ತದೆ ಎಂಬುದನ್ನು ವಿಜಯಪುರ, ಬಾಗಲಕೋಟೆ, ಕೋಲಾರದ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ತಿಳಿವಳಿಕೆಯಿಂದಲೇ ಈ ಪತ್ರ.

ಮೊದಲು 2025ನೇ ಇಸವಿಯನ್ನು ನೋಡಿ. ಆ ವರ್ಷ ನೀವಿಬ್ಬರೂ ಮಾಡಿದ ಒಳ್ಳೆಯ ಕೆಲಸಗಳು ಕಡಿಮೆಯೇನಲ್ಲ. ಏಪ್ರಿಲ್‌ನಲ್ಲಿ ಪಾಕಿಸ್ತಾನದ ವಿದೇಶಾಂಗ ಸಚಿವರು ಕಾಬೂಲಿಗೆ ಹೋಗಿ ಬಂದರು. ಮೇ ಕೊನೆಗೆ ರಾಯಭಾರಿ ಮಟ್ಟದ ಸಂಬಂಧದ ಘೋಷಣೆಯಾಯಿತು. ಜುಲೈನಲ್ಲಿ ಉಜ್ಬೇಕಿಸ್ತಾನದಿಂದ ಅಫ್ಘಾನಿಸ್ತಾನದ ಮೂಲಕ ಪಾಕಿಸ್ತಾನಕ್ಕೆ ಬರುವ ರೈಲು ಮಾರ್ಗದ ಸಾಧ್ಯತೆ ಪರಿಶೀಲಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ಜುಲೈನಲ್ಲಿ ಎಂಟು ಬೆಳೆಗಳ ಸುಂಕ ಇಳಿಸುವ ಒಪ್ಪಂದವೂ ಆಯಿತು. ಅಫ್ಘಾನಿಸ್ತಾನದ ದ್ರಾಕ್ಷಿ, ದಾಳಿಂಬೆ, ಸೇಬು, ಟೊಮೇಟೊ. ಪಾಕಿಸ್ತಾನದ ಮಾವು, ಕಿನ್ನೋ ಕಿತ್ತಳೆ, ಬಾಳೆ, ಆಲೂಗಡ್ಡೆ. ಶೇ. 60ಕ್ಕೂ ಮೇಲಿದ್ದ ಸುಂಕ ಶೇ. 27ಕ್ಕೆ ಇಳಿಯಿತು. ಆಗಸ್ಟ್ 1ರಿಂದ ಜಾರಿ, ಒಂದು ವರ್ಷದ ಅವಧಿ.

ಗಡಿಯಲ್ಲಿ ಎರಡೂ ಕಡೆಯ ಪಡೆಗಳ ಗುಂಡಿನ ಕಾಳಗದ ಬೆನ್ನಿಗೆ ಅಕ್ಟೋಬರ್ 12ಕ್ಕೆ ಗೇಟು ಬಿತ್ತು. ಆಗಸ್ಟ್ 1ರಿಂದ ಎಣಿಸಿದರೆ 72 ದಿನ. ಕಂದಹಾರದ ದಾಳಿಂಬೆ ಕೊಯ್ಲು ಭರದಲ್ಲಿದ್ದ ಹೊತ್ತು. ಅಕ್ಟೋಬರ್ 19ರಂದು ದೋಹಾದಲ್ಲಿ ಕತಾರ್, ತುರ್ಕಿಯ ಮಧ್ಯಸ್ಥಿಕೆಯಲ್ಲಿ ಕದನ ವಿರಾಮವಾಯಿತು, ಗುಂಡಿನ ಸದ್ದು ತಗ್ಗಿತು, ಆದರೆ ಸರಕಿಗೆ ಗೇಟು ತೆರೆಯಲಿಲ್ಲ. ಮುಚ್ಚುಗಡೆ ತಿಂಗಳುಗಟ್ಟಲೆ ಎಳೆಯಿತು. ಎರಡು ವಾರದೊಳಗೆ ಪಾಕಿಸ್ತಾನದಲ್ಲಿ ಟೊಮೇಟೊ ಕಿಲೋಗೆ 600 ರೂಪಾಯಿ ಮುಟ್ಟಿತು, ಹಿಂದಿದ್ದ ಬೆಲೆಯ ಐದು ಪಟ್ಟು. ಗೇಟಿನ ಆಚೆ ಅದೇ ಟೊಮೇಟೊ ಲಾರಿಯಲ್ಲೇ ನೀರಾಗುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಮ್ಮಲ್ಲಿದೆ. ಸುಂಕವನ್ನು ಶೇಕಡಾ 33 ಅಂಶಕ್ಕೂ ಹೆಚ್ಚು ಇಳಿಸಿದ ಒಪ್ಪಂದ ಗೇಟಿನ ಬೀಗದ ಮುಂದೆ ಒಂದು ಕಿಲೋ ಹಣ್ಣನ್ನೂ ಉಳಿಸಲಿಲ್ಲ.

ಇದು ಒಂದು ಸಲದ ಮಾತಾಗಿದ್ದರೆ ನಾವು ಬರೆಯುತ್ತಿರಲಿಲ್ಲ. 2023ರ ಸೆಪ್ಟೆಂಬರ್ 6ಕ್ಕೆ ಮುಚ್ಚಿದ ತೋರ್ಖಮ್ 15ಕ್ಕೆ ತೆರೆಯಿತು. ಕಾರಣ ಒಂದು ಚೌಕಿ. 2024ರ ಜನವರಿಯಲ್ಲಿ ಚಾಲಕರಿಗೆ ಪಾಸ್‌ಪೋರ್ಟ್, ವೀಸಾ ಬೇಕೆಂಬ ನಿಯಮಕ್ಕೆ ಹತ್ತು ದಿನ ಲಾರಿಗಳು ನಿಂತವು. 2025ರ ಫೆಬ್ರವರಿ 21ರ ಸುಮಾರಿಗೆ ಮತ್ತೆ ಮುಚ್ಚಿದ್ದು ಸರಕಿಗೆ ತೆರೆದುಕೊಂಡದ್ದು ಮಾರ್ಚ್ 19ಕ್ಕೆ. ಕಾರಣ ಮತ್ತೆ ಚೌಕಿ ಕಟ್ಟುವ ತಕರಾರು. ಹಿಂದಕ್ಕೆ ಹೋದರೆ 1961. ಅಂದು ರಾಯಭಾರ ಸಂಬಂಧವೇ ಕಡಿದು, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಗಡಿ ಮುಚ್ಚಿ, ಸೋವಿಯತ್ ಒಕ್ಕೂಟ ವಿಮಾನದಲ್ಲಿ ಅಫ್ಘಾನಿ ಹಣ್ಣು ಹೊತ್ತೊಯ್ಯಬೇಕಾಯಿತು. 1963ರಲ್ಲಿ ಇರಾನಿನ ಶಾ ನಡುವೆ ನಿಂತು ಗಡಿ ತೆರೆಸಿದರು. ಎರಡು ವರ್ಷದೊಳಗೆ, 1965ರಲ್ಲಿ, ಮೊದಲ ಟ್ರಾನ್ಸಿಟ್ ಒಪ್ಪಂದ, ಅಂದರೆ ಅಫ್ಘಾನ್ ಸರಕು ಪಾಕಿಸ್ತಾನದ ನೆಲದ ಮೂಲಕ ಹಾದುಹೋಗುವ ಒಪ್ಪಂದ, ಬಂತು. ಅದರ ಜಾಗಕ್ಕೆ 2010ರ ಅಕ್ಟೋಬರ್ 28ರಂದು ಹೊಸ ಒಪ್ಪಂದ ಬಂತು. ಎರಡೂ ಒಪ್ಪಂದಗಳು ಯಾವ ಬಂದರು, ಯಾವ ರಸ್ತೆ, ಯಾವ ಕಾಗದ ಎಂದು ವಿವರವಾಗಿ ಹೇಳುತ್ತವೆ. ಗೇಟು ಬಿದ್ದ ದಿನ ರಸ್ತೆಯಲ್ಲಿ ನಿಂತಿರುವ ಲಾರಿಗೆ ಏನು ಮಾಡಬೇಕು ಎಂಬುದಕ್ಕೆ ನೆಲದ ಮೇಲೆ ಜಾರಿಯಲ್ಲಿರುವ ಉತ್ತರವಿಲ್ಲ. ಇಂಥ ತಕರಾರು ಕೇಳಬೇಕಾದ ಜಂಟಿ ಸಮನ್ವಯ ಪ್ರಾಧಿಕಾರ ಒಪ್ಪಂದದಲ್ಲೇ ಇದೆ, ಆದರೆ ಅದು ನಿಯಮಿತವಾಗಿ ಸೇರಿದ್ದೇ ಇಲ್ಲ.

ಈಗ ಹಣ್ಣಿನ ಲೆಕ್ಕಕ್ಕೆ ಬರೋಣ. ನಮ್ಮ ಬೇಡಿಕೆಗಳೆಲ್ಲ ನಿಂತಿರುವುದು ಇದರ ಮೇಲೆ.

ಕೊಯ್ದ ಹಣ್ಣು ಉಸಿರಾಡುತ್ತಲೇ ಇರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು, ಮೂರು ಪಟ್ಟು ಹೆಚ್ಚುತ್ತದೆ. ಆಯುಷ್ಯ ಅಷ್ಟೇ ಇಳಿಯುತ್ತದೆ. ದ್ರಾಕ್ಷಿಗೆ ಬೇಕಾದದ್ದು ಸೊನ್ನೆಯಿಂದ ಒಂದು ಡಿಗ್ರಿ ಕೆಳಗಿನವರೆಗೆ, ತೇವಾಂಶ ಶೇ. 90ರಿಂದ 95. ಪೆಟ್ಟಿಗೆಯೊಳಗೆ ಗಂಧಕದ ಡೈಆಕ್ಸೈಡ್ ಬಿಡುವ ಹಾಳೆ ಇಟ್ಟು ಹೀಗೆ ಕಾಪಾಡಿದರೆ ತಳಿ ನೋಡಿಕೊಂಡು ಎರಡು, ಮೂರು ತಿಂಗಳು ನಿಲ್ಲುತ್ತದೆ. ಅದೇ ದ್ರಾಕ್ಷಿ ತಾಡಪಾಲು ಹೊದೆಸಿದ ತೆರೆದ ಲಾರಿಯಲ್ಲಿ 30 ಡಿಗ್ರಿಗೆ ಸಿಕ್ಕರೆ ಒಂದೆರಡು ದಿನಕ್ಕೆ ತೊಟ್ಟು ಕಂದಾಗುತ್ತದೆ, ಕಾಳು ಉದುರತೊಡಗುತ್ತದೆ, ಒಂದು ಕಾಳು ಒಡೆದರೆ ಬೂದು ಬೂಷ್ಟು ಗೊಂಚಲನ್ನೇ ಹಿಡಿಯುತ್ತದೆ. ಅಕ್ಟೋಬರ್‌ನಲ್ಲೂ ಜಲಾಲಾಬಾದ್ ಬಯಲಿನ ಹಗಲು 30 ಡಿಗ್ರಿ ಮುಟ್ಟುತ್ತದೆ ಎಂಬುದು ಕಾಬೂಲಿನವರಿಗೆ ಗೊತ್ತು. ದಾಳಿಂಬೆ ಗಟ್ಟಿ ಹಣ್ಣು, ಆದರೆ ಅದಕ್ಕೆ 5 ಡಿಗ್ರಿಗಿಂತ ಕೆಳಗಿನ ಚಳಿ ಆಗುವುದಿಲ್ಲ. ಸಿಪ್ಪೆ ಕಂದಿ, ಒಳಗಿನ ಬೀಜ ಬಣ್ಣಗೆಡುತ್ತದೆ. ಟೊಮೇಟೊಗೆ 12 ಡಿಗ್ರಿಯ ಆಸುಪಾಸು ಬೇಕು. ಬಾಳೆಗೆ 13, 14. ಹಾಗಾಗಿ ದ್ರಾಕ್ಷಿ ಮತ್ತು ಟೊಮೇಟೊ ಒಂದೇ ಶೀತಲ ಲಾರಿಯಲ್ಲಿ ಹೋಗಲಾಗದು. ಒಂದಕ್ಕೆ ಹೊಂದಿಸಿದರೆ ಇನ್ನೊಂದು ಸಾಯುತ್ತದೆ. ಕಾಯುವ ದಿನಗಳು ಹೆಚ್ಚಾದಾಗ "ಎಲ್ಲವನ್ನೂ ಒಂದು ತಣ್ಣನೆ ಗೋದಾಮಿಗೆ ಹಾಕಿ" ಎಂದು ಆದೇಶ ಹೊರಡಿಸುವ ಅಧಿಕಾರಿಗಳು ಇದನ್ನು ದಯವಿಟ್ಟು ಗಮನಿಸಬೇಕು.

ಶೀತಲ ಲಾರಿಯ ಯಂತ್ರ ಗಂಟೆಗೆ ಸುಮಾರು 2ರಿಂದ 4 ಲೀಟರ್ ಡೀಸೆಲ್ ಕುಡಿಯುತ್ತದೆ. ಮೂರು ಲೀಟರ್ ಎಂದು ಹಿಡಿಯಿರಿ. ದಿನಕ್ಕೆ 72, ಹತ್ತು ದಿನಕ್ಕೆ 720 ಲೀಟರ್. ಲಾರಿ ಒಂದು ಅಡಿ ಮುಂದೆ ಹೋಗಿರುವುದಿಲ್ಲ. ತೋರ್ಖಮ್ ಹತ್ತಿರದ ಲಂಡಿ ಕೋಟಲಿನ ಇಳಿಜಾರಿನಲ್ಲಿ ಸಾಲುಗಟ್ಟಿ ನಿಂತ ಲಾರಿಗೆ ಡೀಸೆಲ್ ಹೊತ್ತು ತರುವವರು ಪೇಟೆ ದರಕ್ಕೆ ತರುವುದಿಲ್ಲ. ಎಂಟನೆಯ ದಿನಕ್ಕೋ ಹತ್ತನೆಯ ದಿನಕ್ಕೋ ಚಾಲಕ ಒಂದು ಲೆಕ್ಕ ಹಾಕುತ್ತಾನೆ: ಡೀಸೆಲಿಗೆ ಇನ್ನು ಹಾಕುವ ದುಡ್ಡು ಉಳಿದ ಹಣ್ಣಿನ ಬೆಲೆಗಿಂತ ಹೆಚ್ಚು. ಆಗ ಯಂತ್ರ ನಿಲ್ಲಿಸುತ್ತಾನೆ. ತಣ್ಣಗಿದ್ದ ಹಣ್ಣಿಗೆ ಒಮ್ಮೆಲೇ ಬಿಸಿ ತಗುಲಿ ಮೈಮೇಲೆ ನೀರು ಇಳಿಯುತ್ತದೆ, ಆ ತೇವದಲ್ಲಿ ಬೂಷ್ಟು ಇನ್ನೂ ಬೇಗ ಹಬ್ಬುತ್ತದೆ. ಹತ್ತು ದಿನ ತಣ್ಣಗಿಟ್ಟು ಹನ್ನೊಂದನೆಯ ದಿನ ಬಿಟ್ಟ ಹಣ್ಣು ಮೊದಲಿನಿಂದಲೂ ತೆರೆದಿಟ್ಟ ಹಣ್ಣಿನಷ್ಟೇ ನಿಷ್ಪ್ರಯೋಜಕ. ಖರ್ಚು ಮಾತ್ರ ಹೆಚ್ಚು.

ಅಫ್ಘಾನಿ ರೈತರಿಗೆ ಕಾಯುವುದು ಗೊತ್ತಿಲ್ಲವೆಂದಲ್ಲ. ಜೇಡಿಮಣ್ಣಿಗೆ ಹುಲ್ಲು ಕಲಸಿ ಎರಡು ಬಟ್ಟಲು ಮಾಡಿ, ನಡುವೆ ದಪ್ಪ ಸಿಪ್ಪೆಯ ದ್ರಾಕ್ಷಿ ಇಟ್ಟು, ಬಾಯಿ ಮುಚ್ಚಿ ಮೆತ್ತಿ, ಕತ್ತಲ ಕೋಣೆಯಲ್ಲಿ ಮಾರ್ಚ್‌ನ ನವರೋಜ್ ಹಬ್ಬದವರೆಗೂ ಉಳಿಸುವ ವಿದ್ಯೆ ಅವರಲ್ಲಿದೆ. ಅದನ್ನು ಕಂಗಿನಾ ಎನ್ನುತ್ತಾರೆ. ಒಂದೊಂದು ಬಟ್ಟಲಿಗೆ ಒಂದೆರಡು ಕಿಲೋ ಹಿಡಿಯುತ್ತದೆ. ಮನೆ ಖರ್ಚಿಗೆ, ಹತ್ತಿರದ ಸಂತೆಗೆ ಅದು ಅದ್ಭುತ ವಿದ್ಯೆ. ಆದರೆ ಇಪ್ಪತ್ತು ಟನ್ ಹೊತ್ತ ಲಾರಿಯನ್ನು ಮಣ್ಣಿನ ಬಟ್ಟಲಿನಲ್ಲಿ ಇಡಲಾಗದು. ಅದಕ್ಕೆ ಗೇಟೇ ತೆರೆಯಬೇಕು.

ಗೇಟು ತೆರೆದ ದಿನಗಳಲ್ಲೂ ಗಂಟೆಗಳು ಎಲ್ಲಿ ಹೋಗುತ್ತವೆ ನೋಡಿ. ಪಾಕಿಸ್ತಾನದ ಗಡಿಯಾರ ಅಫ್ಘಾನಿಸ್ತಾನದ್ದಕ್ಕಿಂತ ಅರ್ಧ ಗಂಟೆ ಮುಂದಿದೆ. ಅಫ್ಘಾನ್ ಕಡೆಯ ವಾರದ ರಜೆ ಶುಕ್ರವಾರ, ಪಾಕಿಸ್ತಾನದ ಕಡೆ ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ. ತೋರ್ಖಮ್ ಗೇಟನ್ನು ದಿನದ 24 ಗಂಟೆಯೂ ತೆರೆಯುವ ಏರ್ಪಾಡು 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು, ನಿಜ. ಆದರೆ ಗೇಟು ತೆರೆದಿದ್ದು, ಸುಂಕ ಕಟ್ಟುವ ಬ್ಯಾಂಕು ಮುಚ್ಚಿದ್ದರೆ, ಸಸ್ಯ ತಪಾಸಣೆಯ ಅಧಿಕಾರಿ ಸಂಜೆಗೆ ಮನೆಗೆ ಹೋಗಿದ್ದರೆ, ರಾತ್ರಿ ಬಂದ ದ್ರಾಕ್ಷಿ ಬೆಳಗಿನವರೆಗೂ ನಿಲ್ಲಲೇಬೇಕು. ಗುರುವಾರ ಸಂಜೆ ಕಂದಹಾರದಲ್ಲಿ ಒಂದು ಕಾಗದಕ್ಕೆ ಸಹಿ ತಪ್ಪಿದರೆ ಶುಕ್ರವಾರ ಅಫ್ಘಾನ್ ಕಡೆ ಆಗುವುದಿಲ್ಲ, ಶನಿವಾರ ಭಾನುವಾರ ಪಾಕಿಸ್ತಾನದ ಕಡೆ ಆಗುವುದಿಲ್ಲ, ಕೆಲಸ ಮುಗಿಯುವುದು ಸೋಮವಾರ. ಒಂದು ಸಹಿಗೆ ಮೂರು ಹಗಲು, ನಾಲ್ಕು ರಾತ್ರಿ.

ಕಾಗದದ ಸರಪಳಿ ಹೀಗಿದೆ. ಅಫ್ಘಾನ್ ಕಡೆ ಮೂಲ ದೇಶದ ಪ್ರಮಾಣಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ, ರಫ್ತು ಘೋಷಣೆ. ಗಡಿಯಲ್ಲಿ ಚಾಲಕನ ದಾಖಲೆ. ಪಾಕಿಸ್ತಾನದ ಕಡೆ ತೂಕ, ಸ್ಕ್ಯಾನರ್, ಕ್ಲಿಯರಿಂಗ್ ಏಜೆಂಟ್ ಗಣಕದಲ್ಲಿ ತುಂಬುವ ಸರಕು ಘೋಷಣೆ, ಸಸ್ಯ ತಪಾಸಣೆ, ಮೌಲ್ಯ ನಿರ್ಧಾರ, ಸುಂಕ, ಅದರ ಮೇಲೆ ಮಾರಾಟ ತೆರಿಗೆ ಮತ್ತು ಮುಂಗಡ ಆದಾಯ ತೆರಿಗೆ. ಇದರಲ್ಲಿ ಎರಡು ಕಡೆ ಗಂಟು ಬೀಳುತ್ತದೆ. ಒಂದು, ಮೌಲ್ಯ. ಬಿಲ್ಲಿನಲ್ಲಿರುವ ಬೆಲೆಯನ್ನು ನಂಬದೆ ಕಸ್ಟಮ್ಸ್ ತಾನೇ ಗೊತ್ತುಮಾಡಿದ ಬೆಲೆಯ ಮೇಲೆ ಸುಂಕ ಹಾಕುತ್ತದೆ. ಆ ದರಪಟ್ಟಿ ಕೊಯ್ಲಿನ ನಡುವೆ ಬದಲಾದರೆ ದಾರಿಯಲ್ಲಿರುವ ಲಾರಿಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಎರಡು, ಸರಕು ವರ್ಗಾವಣೆ. ಲಾರಿಗೋ ಚಾಲಕನಿಗೋ ಗಡಿ ದಾಟುವ ಅನುಮತಿ ಇಲ್ಲದಿದ್ದರೆ ಗೇಟಿನ ಬಳಿಯೇ ಇಳಿಸಿ ಆ ಕಡೆಯ ಲಾರಿಗೆ ತುಂಬಬೇಕು. ಹಮಾಲಿಗಳು ಎಷ್ಟೇ ಜೋಪಾನ ಮಾಡಲಿ, ದ್ರಾಕ್ಷಿಯ ಪೆಟ್ಟಿಗೆಯನ್ನು ಒಂದು ಸಲ ಹೆಚ್ಚಿಗೆ ಎತ್ತಿ ಇಳಿಸಿದರೆ ಕಾಳಿನ ಮೇಲಿನ ಬಿಳಿ ಪುಡಿ ಅಳಿಸುತ್ತದೆ, ತೊಟ್ಟು ಸಡಿಲವಾಗುತ್ತದೆ, ಪೇಶಾವರದ ಮಂಡಿಯಲ್ಲಿ ದರ ಬೀಳುತ್ತದೆ. ಚಾಲಕರಿಗೆ ತಾತ್ಕಾಲಿಕ ಪ್ರವೇಶ ಪತ್ರ ಕೊಡುವ ಏರ್ಪಾಡಿಗೆ 2024ರಲ್ಲಿ ನೀವು ಒಪ್ಪಿದ್ದು ಇದೇ ಕಾರಣಕ್ಕೆ ಒಳ್ಳೆಯ ಹೆಜ್ಜೆ. ಅದನ್ನು ಶಾಶ್ವತ ಮಾಡಿ. ವರ್ಷಕ್ಕೊಮ್ಮೆ ಅವಧಿ ಮುಗಿದು ಮತ್ತೆ ಚೌಕಾಸಿಗೆ ಕೂರುವುದು ಬೇಡ.

ಟ್ರಾನ್ಸಿಟ್ ಸರಕಿನ ಸಂಕಟ ಬೇರೆ. ಕರಾಚಿ ಅಥವಾ ಪೋರ್ಟ್ ಕಾಸಿಮ್‌ನಲ್ಲಿ ಇಳಿದ ಅಫ್ಘಾನ್ ಕಂಟೇನರಿಗೆ ಸೀಲು, ಜಾಡು ಹಿಡಿಯುವ ಸಾಧನ ಹಾಕಿ, ಪರವಾನಗಿ ಇರುವ ಸಾಗಣೆದಾರನ ಲಾರಿಗೆ ಏರಿಸಿ, ಸುಂಕದಷ್ಟೇ ಮೊತ್ತದ ಖಾತರಿ ಬರೆಸಿಕೊಂಡು ಬಿಡುತ್ತಾರೆ. ಕಂಟೇನರ್ ಗಡಿ ದಾಟಿತು ಎಂಬ ಸಂದೇಶ ಬಂದ ಮೇಲೆಯೇ ಖಾತರಿ ಬಿಡುಗಡೆ. ಗೇಟು ಬಿದ್ದಾಗ ಈ ಸಂದೇಶ ಬರುವುದಿಲ್ಲ. ವ್ಯಾಪಾರಿಯ ಹಣ ಖಾತರಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಹಡಗು ಕಂಪನಿ ಉಚಿತ ದಿನಗಳು ಮುಗಿದ ಮೇಲೆ ಪ್ರತಿ ಕಂಟೇನರಿಗೆ ದಿನ ಲೆಕ್ಕದಲ್ಲಿ ಡಾಲರಿನಲ್ಲಿ ಬಾಡಿಗೆ ಕೀಳುತ್ತದೆ, ಬಂದರಿನ ಡೆಮರೇಜ್, ಅಂದರೆ ಸರಕು ತಡವಾಗಿ ಬಿಡಿಸಿದ್ದಕ್ಕೆ ತೆರುವ ಶುಲ್ಕ, ಬೇರೆ. ತಿಂಗಳು ಕಳೆದರೆ ಕಡಿಮೆ ಬೆಲೆಯ ಸರಕಿನಲ್ಲಿ ಈ ಬಾಡಿಗೆಯೇ ಸರಕಿನ ಬೆಲೆಯನ್ನು ದಾಟುತ್ತದೆ. ಆಗ ವ್ಯಾಪಾರಿ ಕಂಟೇನರನ್ನೇ ಬಿಟ್ಟುಬಿಡುತ್ತಾನೆ. ಬಂದರಿನ ಜಾಗ ತುಂಬುತ್ತದೆ, ಹಡಗಿನವರು ಮುಂದಿನ ಸಲ ಅಫ್ಘಾನ್ ಸರಕಿಗೆ ಹೆಚ್ಚು ಠೇವಣಿ ಕೇಳುತ್ತಾರೆ. ಒಂದು ಮುಚ್ಚುಗಡೆಯ ಬೆಲೆಯನ್ನು ಮುಂದಿನ ಎರಡು ಮೂರು ವರ್ಷದ ಸರಕು ತೆರುತ್ತದೆ.

ಇಸ್ಲಾಮಾಬಾದಿನ ಮಾನ್ಯರೇ, ನಿಮ್ಮ ದೂರಿನಲ್ಲೂ ನಿಜವಿದೆ. ಕಾಬೂಲಿಗೆಂದು ಸುಂಕವಿಲ್ಲದೆ ಹೋದ ಟೈರು, ಚಹಾ, ಬಟ್ಟೆ, ಸೌಂದರ್ಯ ಸಾಮಗ್ರಿ ಕಳ್ಳದಾರಿಯಲ್ಲಿ ನಿಮ್ಮ ಪೇಟೆಗೇ ಹಿಂದಿರುಗುತ್ತದೆ. ಅದರ ಮೂಲ ಎರಡು ದೇಶಗಳ ಸುಂಕದ ಅಂತರ. ಒಂದೇ ಟೈರಿಗೆ ಒಂದು ಕಡೆ ಹೆಚ್ಚು ಸುಂಕ, ಇನ್ನೊಂದು ಕಡೆ ಕಡಿಮೆ ಇದ್ದರೆ, ಆ ಅಂತರ ಹೇಸರಗತ್ತೆಯ ಬಾಡಿಗೆಗಿಂತ ಹೆಚ್ಚಿರುವವರೆಗೂ ಗುಡ್ಡದ ದಾರಿ ಖಾಲಿ ಇರುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ನೀವು 212 ಬಗೆಯ ಸರಕನ್ನು ನಿಷೇಧಿಸಿ, ಕೆಲವಕ್ಕೆ ಶೇ. 10 ಶುಲ್ಕ ಹಾಕಿ, ವಿಮೆಯ ಖಾತರಿ ಬದಲು ಬ್ಯಾಂಕ್ ಗ್ಯಾರಂಟಿ ಬೇಕೆಂದಿರಿ. ಬ್ಯಾಂಕ್ ಗ್ಯಾರಂಟಿಯನ್ನು ಅಫ್ಘಾನ್ ವ್ಯಾಪಾರಿ ಎಲ್ಲಿಂದ ತರಬೇಕಿತ್ತು? 2021ರ ಆಗಸ್ಟಿನಿಂದ ಆ ದೇಶದ ಬ್ಯಾಂಕುಗಳಿಗೆ ಹೊರಗಿನ ವಹಿವಾಟೇ ದುಸ್ತರ. ಅವರ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ಅಮೆರಿಕದಲ್ಲೇ ತಡೆಹಿಡಿಯಲ್ಪಟ್ಟಿತ್ತು. ಪರಿಣಾಮವಾಗಿ ಸರಕು ಇರಾನಿನ ಬಂದರುಗಳಾದ ಬಂದರ್ ಅಬ್ಬಾಸ್ ಮತ್ತು ಚಾಬಹಾರ್ ಕಡೆ ತಿರುಗಿತು. ಕಳ್ಳಸಾಗಣೆ ತಡೆಯಲು ಸಾಧನ ಬೇರೆ ಇದೆ: ಗಡಿ ದಾಟಿದ ತೂಕ, ಸೀಲಿನ ಸಂಖ್ಯೆಯನ್ನು ಅಫ್ಘಾನ್ ಕಸ್ಟಮ್ಸಿನ ಗಣಕದಲ್ಲಿ ದಾಖಲಾದ ತೂಕ, ಸಂಖ್ಯೆಗೆ ಪ್ರತಿದಿನ ತಾಳೆ ಹಾಕುವುದು. ಎರಡೂ ಕಡೆ ಗಣಕ ಇದೆ. ಎರಡರ ನಡುವೆ ಮಾಹಿತಿ ಹರಿಯುವುದು ರಾಜಕೀಯದ ಹವಾಮಾನ ನೋಡಿಕೊಂಡು. ಕಳ್ಳಸಾಗಣೆಗೆ ಉತ್ತರವೆಂದು ದ್ರಾಕ್ಷಿಯ ಲಾರಿಯನ್ನು ತಡೆದರೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ.

ಕಾಬೂಲಿನ ಮಾನ್ಯರೇ, ನಿಮ್ಮ ಕಡೆಯ ತಪ್ಪೂ ಸಣ್ಣದಲ್ಲ. 2022ರ ಜೂನ್ ಕೊನೆಗೆ ಪಾಕಿಸ್ತಾನದ ಪ್ರಧಾನಿ ಅಫ್ಘಾನ್ ಕಲ್ಲಿದ್ದಲನ್ನು ರೂಪಾಯಿಯಲ್ಲೇ ಕೊಳ್ಳುತ್ತೇವೆ ಎಂದ ಬೆನ್ನಿಗೇ ನೀವು ಟನ್ನಿಗೆ 90 ಡಾಲರ್ ಇದ್ದ ದರವನ್ನು 200ಕ್ಕೆ ಏರಿಸಿದಿರಿ. ಬೆಲೆ ಕೇಳುವುದು ನಿಮ್ಮ ಹಕ್ಕು. ಆದರೆ ಮುನ್ಸೂಚನೆ ಇಲ್ಲದೆ ಏರಿಸಿದ ದರವೂ ಮುನ್ಸೂಚನೆ ಇಲ್ಲದೆ ಬಿದ್ದ ಗೇಟಿನಂತೆಯೇ. ಕೊಳ್ಳುವವನು ಬೇರೆ ದಾರಿ ಹುಡುಕುತ್ತಾನೆ. 2025ರ ನವೆಂಬರ್‌ನಲ್ಲಿ ನಿಮ್ಮ ಉಪಪ್ರಧಾನಿ ವ್ಯಾಪಾರಿಗಳಿಗೆ ಪಾಕಿಸ್ತಾನವನ್ನು ಬಿಟ್ಟು ಬೇರೆ ದಾರಿ ನೋಡಿ, ಮೂರು ತಿಂಗಳಲ್ಲಿ ಔಷಧದ ಲೆಕ್ಕ ಮುಗಿಸಿ ಎಂದರು. ಸಿಮೆಂಟು ಎಲ್ಲಿಂದಲಾದರೂ ತರಬಹುದು. ಔಷಧ ಹಾಗಲ್ಲ. ಹೊಸ ತಯಾರಕನ ಔಷಧ ತರಬೇಕೆಂದರೆ ನೋಂದಣಿ, ಮಾದರಿ ಪರೀಕ್ಷೆ, 2ರಿಂದ 8 ಡಿಗ್ರಿಯಲ್ಲಿ ಸಾಗಬೇಕಾದ ಇನ್ಸುಲಿನ್, ಲಸಿಕೆಗಳಿಗೆ ದಾರಿಯುದ್ದಕ್ಕೂ ಶೈತ್ಯ ವ್ಯವಸ್ಥೆ, ವೈದ್ಯರಿಗೂ ರೋಗಿಗೂ ಹೊಸ ಹೆಸರಿನ ಪರಿಚಯ ಎಲ್ಲವೂ ಆಗಬೇಕು. ಪೇಶಾವರದಿಂದ ಜಲಾಲಾಬಾದಿಗೆ ಕೆಲವೇ ಗಂಟೆಯ ದಾರಿ. ಇಷ್ಟು ಹತ್ತಿರದ ಸರಬರಾಜನ್ನು ಮೂರು ತಿಂಗಳಲ್ಲಿ ಪೂರ್ತಿ ಬದಲಿಸುವುದು ರೋಗಿಗಳ ಮೇಲೆ ಮಾಡುವ ಪ್ರಯೋಗವಾಗುತ್ತದೆ. ಬೇರೆ ದಾರಿ ಇರಲಿ, ಬೇಕು ಕೂಡ. ಆದರೆ ಹತ್ತಿರದ ದಾರಿಯನ್ನು ನೀವಾಗಿಯೇ ಕಡಿದುಕೊಳ್ಳಬೇಡಿ.

ಕಾನೂನಿನ ಮಾತು ಚಿಕ್ಕದಾಗಿ. ಇಬ್ಬರೂ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯರು. ಅಫ್ಘಾನಿಸ್ತಾನ 2016ರ ಜುಲೈನಿಂದ. ಅಲ್ಲಿನ ವ್ಯಾಪಾರ ಸುಗಮಗೊಳಿಸುವ ಒಪ್ಪಂದದ 7.9ನೇ ವಿಧಿ ಬೇಗ ಕೆಡುವ ಸರಕನ್ನು ಆದಷ್ಟು ಬೇಗ ಬಿಡಬೇಕು, ತಪಾಸಣೆಯಲ್ಲಿ ಮೊದಲ ಸರದಿ ಕೊಡಬೇಕು, ಬೇಕಾದರೆ ಕಚೇರಿ ವೇಳೆ ಮೀರಿಯೂ ಬಿಡಬೇಕು ಎನ್ನುತ್ತದೆ. 8ನೇ ವಿಧಿ ಗಡಿಯ ಎರಡೂ ಕಡೆ ಕೆಲಸದ ದಿನ, ವೇಳೆ ಹೊಂದಿಸಿಕೊಳ್ಳಿ ಎನ್ನುತ್ತದೆ. ಭದ್ರತೆಯ ಹೆಸರಿನಲ್ಲಿ ವಿನಾಯಿತಿ ಕೇಳಬಹುದು, ಆದರೆ ಆ ವಿನಾಯಿತಿಯೂ ಪರಿಶೀಲನೆಗೆ ಒಳಪಡುತ್ತದೆ ಎಂದು ರಷ್ಯಾ ಮತ್ತು ಉಕ್ರೇನ್ ನಡುವಿನ ಟ್ರಾನ್ಸಿಟ್ ವ್ಯಾಜ್ಯದಲ್ಲಿ 2019ರಲ್ಲಿ ತೀರ್ಪಾಗಿದೆ. ಹಾಗೆಂದು ಕಾಬೂಲ್ ಇಂದು ಆ ಸಂಸ್ಥೆ ಇರುವ ಜಿನೀವಾದಲ್ಲಿ ದಾವೆ ಹೂಡುವುದು ಸುಲಭವಲ್ಲ. ಕಾಬೂಲಿನ ತಾಲಿಬಾನ್ ಸರ್ಕಾರವನ್ನು 2025ರ ಜುಲೈನಲ್ಲಿ ರಷ್ಯಾ ಮಾನ್ಯ ಮಾಡುವವರೆಗೂ ಯಾವ ದೇಶವೂ ಮಾನ್ಯ ಮಾಡಿರಲಿಲ್ಲ. ಇಬ್ಬರೂ ಇಸ್ಲಾಮಿಕ್ ಸಹಕಾರ ಸಂಘಟನೆಯಲ್ಲಿ, ಆರ್ಥಿಕ ಸಹಕಾರ ಸಂಘಟನೆಯಲ್ಲಿ ಒಟ್ಟಿಗೆ ಕೂರುತ್ತೀರಿ. ಧರ್ಮ ಒಂದೇ ಎಂಬ ಮಾತಿನಿಂದ ಆ ಗೇಟು ಒಮ್ಮೆಯೂ ತೆರೆದಿಲ್ಲ. ಅದು ಹಲವು ಸಲ ತೆರೆದದ್ದು ಗಡಿಯ ಎರಡು ಕಡೆಯ ಅಧಿಕಾರಿಗಳು, ಬುಡಕಟ್ಟಿನ ಹಿರಿಯರು, ವ್ಯಾಪಾರಿಗಳು ಒಂದು ಕೋಣೆಯಲ್ಲಿ ಕೂತಾಗ. ಹಾಗಾಗಿ ಆ ಕೋಣೆಯಲ್ಲಿ ಆಗಬೇಕಾದ ಮಾತನ್ನು ಮೊದಲೇ ಬರೆದಿಡಿ ಎಂಬುದೇ ನಮ್ಮ ಕೋರಿಕೆ.

ಅದರಲ್ಲಿ ಏನಿರಬೇಕು?

ಮುಚ್ಚುವ ಆದೇಶ ವಾಣಿಜ್ಯ ಸಚಿವಾಲಯದಿಂದ ಬರುವುದಿಲ್ಲ, ಭದ್ರತಾ ಪಡೆಯಿಂದ ಬರುತ್ತದೆ. ಗುಂಡು ಹಾರುತ್ತಿರುವಾಗ ಯಾರೂ ಲಾರಿ ಬಿಡಿ ಎನ್ನುವುದಿಲ್ಲ. ಆದರೆ ಮುಚ್ಚಿದ ಎರಡು ಗಂಟೆಯೊಳಗೆ ಎರಡೂ ಕಡೆಯ ಕಸ್ಟಮ್ಸ್ ಮುಖ್ಯಸ್ಥರು ಫೋನಿನಲ್ಲಿ ಮಾತಾಡಿ, ಆ ಕ್ಷಣಕ್ಕೆ ಗೇಟಿನಿಂದ ಎಷ್ಟು ದೂರದವರೆಗೆ ಎಷ್ಟು ಲಾರಿ ನಿಂತಿವೆ, ಯಾವುದರಲ್ಲಿ ಏನಿದೆ ಎಂಬ ಪಟ್ಟಿ ಬದಲಾಯಿಸಿಕೊಳ್ಳಬೇಕು. ಸರಕಿನ ಘೋಷಣೆ ಗಣಕದಲ್ಲಿರುವುದರಿಂದ ಇದು ಅಸಾಧ್ಯವಲ್ಲ. ದಾಳಿ ನಿಂತ 24 ಗಂಟೆಯೊಳಗೆ, ದೊಡ್ಡ ಮಾತುಕತೆ ನಡೆಯುತ್ತಿರಲಿ ಬಿಡಲಿ, ಈ ಪಟ್ಟಿಯಲ್ಲಿರುವ ಕೆಡುವ ಸರಕು ಮತ್ತು ಔಷಧ ದಾಟಬೇಕು. ಹೊಸ ಲಾರಿ ಬೇಡ, ಸಿಕ್ಕಿಬಿದ್ದವು ಮಾತ್ರ. ಹೊಸ ವ್ಯಾಪಾರ ಯಾವಾಗ ಎಂಬುದು ರಾಜಕೀಯ ತೀರ್ಮಾನ. ಸಿಕ್ಕಿಬಿದ್ದ ಲಾರಿಯ ಬಿಡುಗಡೆ ಹಾಗಾಗಬಾರದು.

ಸರದಿಯನ್ನು ಬಂದ ಹೊತ್ತಿನ ಮೇಲೆ ನಿರ್ಧರಿಸಬೇಡಿ. ಈಗ ನಡೆಯುವುದು ಅದೇ, ಮತ್ತು ಹಾಳಾಗುವುದೂ ಅದರಿಂದಲೇ. ಗೇಟಿನ ಮುಂದೆ ಕಣಿವೆ ರಸ್ತೆ ಇಕ್ಕಟ್ಟು. ಮುಂದೆ ಸಿಮೆಂಟಿನ ಲಾರಿ ನಿಂತಿದ್ದರೆ ಹಿಂದಿನ ಟೊಮೇಟೊ ಲಾರಿಗೆ ಪಕ್ಕಕ್ಕೆ ಬಂದು ಮುಂದೆ ಹೋಗಲು ಜಾಗವಿಲ್ಲ. ಗೇಟು ತೆರೆದ ದಿನ ಎಲ್ಲರೂ ಒಮ್ಮೆಲೇ ನುಗ್ಗಿದಾಗ ಖಾಲಿ ಲಾರಿ ಹಿಂದಿರುಗಲೂ ದಾರಿಯಿಲ್ಲದೆ ಎರಡು ಕಡೆಯೂ ಗಂಟು ಬೀಳುತ್ತದೆ. ಆದ್ದರಿಂದ ಗೇಟಿನಿಂದ ದೂರದಲ್ಲೇ, ಪಾಕಿಸ್ತಾನದ ಕಡೆ ಜಮ್ರೂದ್ ಬಯಲಿನಲ್ಲಿ, ಅಫ್ಘಾನ್ ಕಡೆ ಜಲಾಲಾಬಾದ್ ರಸ್ತೆಯಲ್ಲಿ ಅಂಗಳ ಮಾಡಿ ಲಾರಿಗಳನ್ನು ಅಲ್ಲೇ ಹಿಡಿದಿಟ್ಟು, ಟೋಕನ್ ಕೊಟ್ಟು, ಸರಕಿನ ಬಗೆ ನೋಡಿ ಕರೆಯಬೇಕು. ಮೊದಲು ಔಷಧ, ಜೀವಂತ ಕೋಳಿ, ಟೊಮೇಟೊ, ದ್ರಾಕ್ಷಿ, ಬಾಳೆ. ಆಮೇಲೆ ದಾಳಿಂಬೆ, ಸೇಬು, ಕಿನ್ನೋ. ಆಮೇಲೆ ಈರುಳ್ಳಿ, ಆಲೂಗಡ್ಡೆ. ಸಿಮೆಂಟು, ಕಲ್ಲಿದ್ದಲು, ಬಟ್ಟೆ ಕೊನೆಗೆ. ಸಿಮೆಂಟಿಗೆ ಮಳೆಯ ತೇವ ತಾಗದಂತೆ ನೋಡಿಕೊಂಡರೆ ವಾರಗಟ್ಟಲೆ ಕಾಯಬಲ್ಲದು. ಇದೇ ಅಂಗಳದಲ್ಲಿ ಶೀತಲ ಲಾರಿಗಳಿಗೆ ವಿದ್ಯುತ್ ಸಂಪರ್ಕ ಕೊಟ್ಟರೆ ಡೀಸೆಲಿನ ಆ 720 ಲೀಟರ್ ಉಳಿಯುತ್ತದೆ. ಬಂದರುಗಳಲ್ಲಿ ಶೀತಲ ಕಂಟೇನರಿಗೆ ಇರುವ ಪ್ಲಗ್ ಇಲ್ಲಿಗೂ ಸಾಕು. ಚಾಲಕರಿಗೆ ನೀರು, ಶೌಚಾಲಯ ಬೇಕು. ಇದನ್ನು ಬರೆದು ಕೇಳಬೇಕಾಗಿ ಬಂದಿರುವುದೇ ನೋವಿನ ಸಂಗತಿ.

ಮುಚ್ಚಿದ ದಿನಗಳನ್ನು ಎಲ್ಲ ಲೆಕ್ಕದಿಂದಲೂ ಹೊರಗಿಡಬೇಕು. ಟ್ರಾನ್ಸಿಟ್ ಅವಧಿಯ ಗಡುವು, ಖಾತರಿಯ ಅವಧಿ, ಸಸ್ಯ ಆರೋಗ್ಯ ಪ್ರಮಾಣಪತ್ರದ ಅವಧಿ, ಚಾಲಕನ ಪ್ರವೇಶ ಪತ್ರ, ಬಂದರಿನ ಡೆಮರೇಜ್ ಎಲ್ಲಕ್ಕೂ ಗೇಟು ಬಿದ್ದ ಗಂಟೆಗೆ ಗಡಿಯಾರ ನಿಲ್ಲಬೇಕು, ತೆರೆದ ಗಂಟೆಗೆ ಮತ್ತೆ ಶುರುವಾಗಬೇಕು. ಹಡಗು ಕಂಪನಿಯ ಬಾಡಿಗೆ ಖಾಸಗಿ ಕರಾರು, ಅದನ್ನು ನೀವು ಆದೇಶದಿಂದ ಅಳಿಸಲಾರಿರಿ. ಆದರೆ "ಇಂಥ ದಿನದಿಂದ ಇಂಥ ದಿನದವರೆಗೆ ಗಡಿ ಸರ್ಕಾರಿ ಆದೇಶದಿಂದ ಮುಚ್ಚಿತ್ತು" ಎಂದು ಮೊಹರು ಹಾಕಿದ ಒಂದು ಪತ್ರ ಕೊಟ್ಟರೆ ಅದನ್ನು ಹಿಡಿದು ವ್ಯಾಪಾರಿ ಹಡಗಿನವರ ಬಳಿ, ವಿಮೆಯವರ ಬಳಿ ಮಾತಾಡಬಲ್ಲ. ಹೆಚ್ಚಿನ ಸಲ ಅವನ ಕೈಯಲ್ಲಿರುವುದು ಪತ್ರಿಕೆಯ ಸುದ್ದಿ ತುಣುಕು.

ಸಿಕ್ಕಿಬಿದ್ದ ಸರಕನ್ನು ಹಿಂದೆ ಒಯ್ಯಲು ಬಿಡಿ. ಕಂದಹಾರಕ್ಕೆ ಹಿಂದಿರುಗಿದ ದಾಳಿಂಬೆಯನ್ನು ರಸಕ್ಕಾದರೂ ಕೊಡಬಹುದು, ಪೂರ್ತಿ ಹಣ್ಣಾದ ದ್ರಾಕ್ಷಿಯನ್ನು ಒಣಗಿಸಬಹುದು. ರಫ್ತು ಘೋಷಣೆ ರದ್ದು ಮಾಡುವ ವಿಧಾನ ಗೊಂದಲವಾದರೆ ಆ ದಾರಿಯೂ ಮುಚ್ಚುತ್ತದೆ. ಒಂದೇ ಅರ್ಜಿ, ಒಂದೇ ಕಿಟಕಿ, ಅದೇ ದಿನ ಸಹಿ. ಬೇರೆ ಗೇಟಿಗೆ ತಿರುಗಿಸಲೂ ಇದೇ ಕ್ರಮ ಸಾಕು. ಅದೇ ಗಡಿಯ ಬೇರೆ ಗೇಟುಗಳಾದ ಖರ್ಲಾಚಿ, ಗುಲಾಮ್ ಖಾನ್ ತೆರೆದಿದ್ದು ತೋರ್ಖಮ್ ಮಾತ್ರ ಮುಚ್ಚಿದ್ದಾಗ ಘೋಷಣೆಯಲ್ಲಿ ಗೇಟಿನ ಹೆಸರು ತಿದ್ದಲಾಗದೆ ಲಾರಿ ನಿಲ್ಲಬಾರದು.

ದರ, ಶುಲ್ಕ, ನಿಷೇಧಪಟ್ಟಿ ಬದಲಿಸುವಾಗ ಜಾರಿಗೆ ಕನಿಷ್ಠ ಮೂವತ್ತು ದಿನ ಮೊದಲು ಪ್ರಕಟಿಸಿ. ಆ ದಿನಕ್ಕೆ ಮೊದಲು ಹಡಗು ಅಥವಾ ಲಾರಿ ಹತ್ತಿದ ಸರಕಿಗೆ ಹಳೆಯ ದರ. ಕೆಡುವ ಹಣ್ಣಿನ ಮೌಲ್ಯ ನಿರ್ಧಾರವನ್ನು ಕೊಯ್ಲಿನ ಮೊದಲೇ ಮಾಡಿ, ಕೊಯ್ಲು ಮುಗಿಯುವವರೆಗೂ ಮುಟ್ಟಬೇಡಿ. ಹಣ್ಣಿನ ತಿಂಗಳುಗಳಾದ ಜುಲೈನಿಂದ ನವೆಂಬರ್, ಕಿನ್ನೋ ಬರುವ ಡಿಸೆಂಬರ್‌ನಿಂದ ಮಾರ್ಚ್ ಅವಧಿಯಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಮೂರೂ ದಿನ ಎರಡೂ ಕಡೆ ಸಸ್ಯ ತಪಾಸಣೆ ಮತ್ತು ಸುಂಕ ಪಾವತಿ ನಡೆಯಲಿ.

ನಮ್ಮ ದೇಶದ ಪಾತ್ರವನ್ನೂ ಮುಚ್ಚಿಡುವುದು ಸರಿಯಲ್ಲ. 2010ರ ಒಪ್ಪಂದದಲ್ಲಿ ಅಫ್ಘಾನ್ ಲಾರಿ ವಾಘಾವರೆಗೆ ಸರಕು ತರಬಹುದು, ಆದರೆ ಭಾರತದ ಸರಕು ತುಂಬಿಕೊಂಡು ಹಿಂದಿರುಗುವಂತಿಲ್ಲ, ಖಾಲಿ ಹೋಗಬೇಕು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬಳಿಕ ಅಟ್ಟಾರಿ ಮುಚ್ಚಿದಾಗ ಅಫ್ಘಾನ್ ಒಣಹಣ್ಣು ಹೊತ್ತ ಲಾರಿಗಳೂ ದಾರಿಯಲ್ಲೇ ಉಳಿದವು. ಮೇ ತಿಂಗಳಲ್ಲಿ ಭಾರತ 160 ಲಾರಿಗಳಿಗೆ ವಿಶೇಷ ಅನುಮತಿ ಕೊಟ್ಟಿತು. ಯುದ್ಧದ ಬಿಸಿ ಆರುವ ಮೊದಲೇ ಸಿಕ್ಕಿಬಿದ್ದ ಲಾರಿಗಳಿಗೆ ದಾರಿ ಬಿಡಬಹುದು ಎಂಬುದಕ್ಕೆ ಅದೇ ಪುರಾವೆ. 2022ರ ಫೆಬ್ರವರಿ 22ರಂದು ಭಾರತದ ಗೋಧಿಯ ಮೊದಲ ಕಂತು, 2,500 ಟನ್, 50 ಅಫ್ಘಾನ್ ಲಾರಿಗಳಲ್ಲಿ ಪಾಕಿಸ್ತಾನದ ನೆಲದ ಮೂಲಕವೇ ಜಲಾಲಾಬಾದ್ ಕಡೆ ಹೋಯಿತು. ಮೂರು ದೇಶಗಳೂ ಒಂದೊಂದು ಸಹಿ ಹಾಕಿದ್ದಕ್ಕೆ ಆದದ್ದು ಅದು. ದೆಹಲಿಗೂ ನಮ್ಮ ಕೋರಿಕೆ ಇದೇ: ಅಟ್ಟಾರಿಗೂ ಇಂಥದ್ದೇ ಕ್ರಮ ಬರೆದಿಡಿ.

ಇಷ್ಟನ್ನೂ ಬರೆಯಲು ನಾಲ್ಕು ಪುಟ ಸಾಕು. ಶೃಂಗಸಭೆ ಬೇಕಾಗಿಲ್ಲ, ಮೂರನೆಯ ದೇಶದ ಮಧ್ಯಸ್ಥಿಕೆಯೂ ಬೇಕಾಗಿಲ್ಲ. ಎರಡೂ ಕಡೆಯ ಕಸ್ಟಮ್ಸ್ ಮುಖ್ಯಸ್ಥರು, ಸಸ್ಯ ತಪಾಸಣೆಯ ಅಧಿಕಾರಿಗಳು, ಗಡಿ ಪಡೆಯ ಒಬ್ಬೊಬ್ಬ ಪ್ರತಿನಿಧಿ, ಜಂಟಿ ವಾಣಿಜ್ಯ ಮಂಡಳಿಯವರು ಕೂತು ಬರೆಯಲಿ. ಚೌಕಿ, ಗೆರೆ, ಬೇಲಿ ಎಂಬ ಪದಗಳು ಅದರಲ್ಲಿ ಬರುವುದೇ ಬೇಡ. "ದಾಟುವ ಸ್ಥಳ" ಎಂದಷ್ಟೇ ಬರೆದರೆ ಇಬ್ಬರ ನಿಲುವಿಗೂ ಧಕ್ಕೆಯಿಲ್ಲ. ಸಹಿಯಾದ ಮೇಲೆ ಅದನ್ನು ಪಶ್ತೋ, ದರಿ, ಉರ್ದುವಿನಲ್ಲಿ ಅಚ್ಚು ಹಾಕಿಸಿ ತೋರ್ಖಮ್, ಚಮನ್, ಸ್ಪಿನ್ ಬೋಲ್ದಕ್, ಗುಲಾಮ್ ಖಾನ್, ಖರ್ಲಾಚಿ, ಅಂಗೂರ್ ಅಡ್ಡಾದ ಗೋಡೆಗಳ ಮೇಲೆ, ಲಾರಿ ಚಾಲಕನ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ.

ಇಂತಿ,
ಗಡಿ ವ್ಯಾಪಾರ ಮತ್ತು ಸಾಗಣೆಯ ವಿಷಯ ಬಲ್ಲ ಕೆಲವು ಕನ್ನಡಿಗರು